ಬಕಲ್ಯಾವ್ ವಿಮರ್ಶೆ: ಉಪ್ಪಿಗಿಂತ ನೀರಿನ ಲೆಕ್ಕ ದೊಡ್ಡದು

ಲಿಸ್ಬನ್‌ನ ರುವಾ ದು ಅರ್ಸೆನಾಲ್ ಬೀದಿಯಲ್ಲಿ ಒಣಮೀನಿನ ಅಂಗಡಿ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ, ಮೂಗೇ ಕರೆದುಕೊಂಡು ಹೋಗುತ್ತದೆ. ಒಳಗೆ ಹಲಗೆಯಷ್ಟು ಗಟ್ಟಿಯಾದ ತ್ರಿಕೋನಾಕಾರದ ಮೀನುಗಳನ್ನು ಒಂದರ ಮೇಲೊಂದು ಒಟ್ಟಿರುತ್ತಾರೆ. ತಲೆ ಇರುವುದಿಲ್ಲ, ಹೊಟ್ಟೆ ಸೀಳಿ ಅಗಲಕ್ಕೆ ಬಿಡಿಸಿರುತ್ತದೆ, ಮೈಮೇಲೆ ಉಪ್ಪಿನ ಹರಳು ಮಿನುಗುತ್ತಿರುತ್ತದೆ. ಇದೇ ಬಕಲ್ಯಾವ್, ಅಂದರೆ ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು. ಪಿಂಗೊ ದೋಸ್, ಕೊಂಟಿನೆಂಟ್‌ನಂಥ ಸೂಪರ್‌ಮಾರ್ಕೆಟ್‌ಗಳಲ್ಲಿ ಇದಕ್ಕೆಂದೇ ಪ್ರತ್ಯೇಕ ಮಾರಾಟದ ಕಟ್ಟೆ ಇರುತ್ತದೆ. ಪೋರ್ಚುಗೀಸರು ನೆಲೆಸಿರುವ ಲಂಡನ್, ಪ್ಯಾರಿಸ್, ಲಕ್ಸೆಂಬರ್ಗ್, ಟೊರಾಂಟೊ ನಗರಗಳ ಅಂಗಡಿಗಳಲ್ಲೂ ಸಿಗುತ್ತದೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ದಪ್ಪ ಬೆನ್ನಿನ, ಚೆನ್ನಾಗಿ ಒಣಗಿದ ಅಟ್ಲಾಂಟಿಕ್ ಕಾಡ್ ಅದರ ಬೆಲೆಗೆ ಪೂರ್ತಿ ಯೋಗ್ಯವಾದ ಸರಕು. ಎರಡು ದಿನ ಮುಂಚೆ ಯೋಚಿಸಿ ನೆನೆಹಾಕುವ ತಾಳ್ಮೆ ಇದ್ದವರಿಗೆ ಮಾತ್ರ ಈ ಮಾತು. ಆ ತಾಳ್ಮೆ ಇಲ್ಲದಿದ್ದರೆ ನೆನೆಸಿ ಹೆಪ್ಪುಗಟ್ಟಿಸಿದ ಪೊಟ್ಟಣವೇ ಮೇಲು. ಅರ್ಧಂಬರ್ಧ ಒಣಗಿದ, ಹೆಸರು ಮಾತ್ರ ಬಕಲ್ಯಾವ್ ಆಗಿರುವ ಅಗ್ಗದ ತುಂಡುಗಳನ್ನು ಯಾರೂ ಕೊಳ್ಳಬೇಕಿಲ್ಲ. ಈ ಮೀನಿನಲ್ಲಿ ನೀವು ದುಡ್ಡು ಕೊಡುವುದು ಎಷ್ಟು ನೀರು ಹೊರಗೆ ಹೋಗಿದೆ ಎಂಬುದಕ್ಕೆ, ರುಚಿ ಬರುವುದು ಆ ನೀರನ್ನು ಎಷ್ಟು ಜಾಣತನದಿಂದ ವಾಪಸು ಕೊಟ್ಟಿರಿ ಎಂಬುದರಿಂದ.

ಕಾಡ್ ಯಾಕೆ, ಬಂಗುಡೆ ಯಾಕಲ್ಲ

ಪೋರ್ಚುಗಲ್ಲಿನ ಸಮುದ್ರದಲ್ಲಿ ಕಾಡ್ ಇಲ್ಲ. ಮೀನು ಬರುವುದು ನಾರ್ವೆ, ಐಸ್‌ಲ್ಯಾಂಡ್ ಕಡೆಯ ತಣ್ಣೀರಿನಿಂದ. ಹಾಗಿದ್ದೂ ಅದನ್ನು ಪೋರ್ಚುಗೀಸರು ‘ನಂಬಿಕಸ್ಥ ಗೆಳೆಯ’ ಎಂದೇ ಕರೆಯುತ್ತಾರೆ. ಕ್ರಿಸ್‌ಮಸ್ ಹಿಂದಿನ ರಾತ್ರಿಯ ಊಟಕ್ಕೆ ಬೇಯಿಸಿದ ಬಕಲ್ಯಾವ್, ಆಲೂಗಡ್ಡೆ, ಕೋಸು, ಮೊಟ್ಟೆ, ಮೇಲಿಂದ ಆಲಿವ್ ಎಣ್ಣೆ ಇರಲೇಬೇಕು. ಹಡಗುಗಳಲ್ಲಿ ತಿಂಗಳುಗಟ್ಟಲೆ ಕೆಡದೆ ಬಂದ ಮೀನು ಎಂಬುದು ಈ ನಂಟಿನ ಮೂಲ.

ಕೆಡದಿರಲು ಕಾರಣ ಮೀನಿನ ಮೈಯಲ್ಲೇ ಇದೆ. ಕಾಡ್ ಕುಟುಂಬದ ಮೀನುಗಳು ಕೊಬ್ಬನ್ನು ಯಕೃತ್ತಿನಲ್ಲಿ ಕೂಡಿಡುತ್ತವೆ. ನಮ್ಮಲ್ಲಿ ಮಕ್ಕಳಿಗೆ ಕೊಡುತ್ತಿದ್ದ ಕಾಡ್ ಲಿವರ್ ಆಯಿಲ್ ಬಂದದ್ದು ಅಲ್ಲಿಂದಲೇ. ಮಾಂಸದಲ್ಲಿ ಕೊಬ್ಬು 1%ಕ್ಕಿಂತ ಕಡಿಮೆ, ಪ್ರೋಟೀನು ಸುಮಾರು 18%, ಉಳಿದದ್ದು ಹೆಚ್ಚುಕಡಿಮೆ ನೀರು. ಬೂತಾಯಿ, ಬಂಗುಡೆ ಹಾಗಲ್ಲ, ಅವುಗಳ ಎಣ್ಣೆ ಮಾಂಸದಲ್ಲೇ ಹರಡಿಕೊಂಡಿದೆ. ಒಣಗಿಸಿಟ್ಟರೆ ಆ ಎಣ್ಣೆ ಗಾಳಿಗೆ ಹಳಸಿ ಕಮಟು ಬರುತ್ತದೆ. ಕರಾವಳಿಯ ಒಣ ಬಂಗುಡೆಗೆ ಇರುವ ಆ ಖಾರವಾದ ವಾಸನೆ, ಹಳದಿ ಬಣ್ಣ ಎಣ್ಣೆಯದು. ಒಳ್ಳೆಯ ಬಕಲ್ಯಾವ್‌ನಲ್ಲಿ ಆ ಕಮಟು ಇರಬಾರದು. ಇದ್ದರೆ ಅದು ಈ ಮೀನಿನ ಸ್ವಭಾವವಲ್ಲ, ಇಟ್ಟುಕೊಂಡವರ ತಪ್ಪು.

ಉಪ್ಪು ಹಾಕಿ ಒಣಗಿಸುವುದಕ್ಕೂ ಬರೀ ಗಾಳಿಗೆ ಒಣಗಿಸುವುದಕ್ಕೂ ವ್ಯತ್ಯಾಸವಿದೆ. ನಾರ್ವೆಯ ಲೊಫೊಟೆನ್ ದ್ವೀಪಗಳಲ್ಲಿ ಫೆಬ್ರುವರಿಯಿಂದ ಮೇವರೆಗೆ ಮರದ ಚಪ್ಪರದಲ್ಲಿ ತೂಗುಹಾಕಿ ಉಪ್ಪಿಲ್ಲದೆ ಒಣಗಿಸುವ ಮೀನು ಸ್ಟಾಕ್‌ಫಿಶ್. ಅದು ಇಟಲಿಗೂ ನೈಜೀರಿಯಾಕ್ಕೂ ಹೋಗುತ್ತದೆ. ನೆನೆಯಲು ಅದಕ್ಕೆ ಒಂದು ವಾರ ಬೇಕು, ಅಡುಗೆಯ ಲೆಕ್ಕವೇ ಬೇರೆ. ಹೆಸರು ನೋಡಿ ಗೊಂದಲ ಮಾಡಿಕೊಳ್ಳಬೇಡಿ. ಇಟಲಿಯ ವಿಚೆಂಜಾ ನಗರದ ಪ್ರಸಿದ್ಧ ‘ಬಕ್ಕಲಾ’ ಮಾಡುವುದು ಸ್ಟಾಕ್‌ಫಿಶ್‌ನಿಂದ, ಉಪ್ಪುಮೀನಿನಿಂದಲ್ಲ.

ಕಟ್ಟೆಯ ಮುಂದೆ ನಿಂತಾಗ

ಮೊದಲು ತೂಕದ ದರ್ಜೆ. ಪೋರ್ಚುಗಲ್ಲಿನ 2005ರ ಕಾನೂನು ಒಣಗಿದ ಇಡೀ ಮೀನಿನ ತೂಕದ ಮೇಲೆ ಹೆಸರು ಕೊಡುತ್ತದೆ. ಅರ್ಧ ಕೆಜಿ ತನಕ ಮಿಯೂದು, 1 ಕೆಜಿ ತನಕ ಕೊರೆಂತ್, 1ರಿಂದ 2 ಕೆಜಿ ಕ್ರೆಶೀದು, 2ರಿಂದ 3 ಕೆಜಿ ಗ್ರಾಊದು, ಅದಕ್ಕೂ ಮೇಲೆ ಎಸ್ಪೆಸಿಯಾಲ್. ಕೆಜಿಯ ಬೆಲೆ ಇದೇ ಕ್ರಮದಲ್ಲಿ ಏರುತ್ತದೆ. ದೊಡ್ಡ ಮೀನಿಗೆ ಹೆಚ್ಚು ದುಡ್ಡು ಕೊಡುವುದು ಬರೀ ಗತ್ತಿಗಲ್ಲ. ದಪ್ಪ ಬೆನ್ನಿನ ತುಂಡು ಬೆಂದಾಗ ಬೆರಳಗಲದ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ತೆಳು ಮೀನು ನಾರಾಗುತ್ತದೆ. ಆದರೆ ಎಳೆ ಎಳೆಯಾಗಿ ಹರಿದು ಹಾಕುವ ಅಡುಗೆಗೆ ಎಸ್ಪೆಸಿಯಾಲ್ ತರುವುದು ಹಣ ಪೋಲು. ಮನೆಯ ಬಳಕೆಗೆ ನಮ್ಮ ಆಯ್ಕೆ ಗ್ರಾಊದು: ಬೆನ್ನಿನ ತುಂಡು ಸಾಕಷ್ಟು ದಪ್ಪ, ಉಳಿದ ಭಾಗವೂ ಕೆಲಸಕ್ಕೆ ಬರುತ್ತದೆ.

ಎರಡನೆಯದು ಒಣಗಿದ ಮಟ್ಟ. ಅದೇ ಕಾನೂನಿನಂತೆ ಒಣ ಬಕಲ್ಯಾವ್‌ನಲ್ಲಿ ತೇವಾಂಶ 47% ಮೀರಬಾರದು, ಉಪ್ಪು 16%ಕ್ಕಿಂತ ಕಡಿಮೆ ಇರಬಾರದು. 47ರಿಂದ 51% ತೇವ ಇದ್ದರೆ ಅದು ಅರೆ ಒಣಗಿದ್ದು. ಚೀಟಿಯಲ್ಲಿ ‘ಸೆಮಿ’ ಎಂಬ ಅಕ್ಷರ ಚಿಕ್ಕದಾಗಿರಬಹುದು, ಬೆಲೆಯ ಅಂಕಿ ಮಾತ್ರ ದೊಡ್ಡದಾಗಿರುತ್ತದೆ. ಚೀಟಿ ಇಲ್ಲದಿದ್ದರೆ ಹಳಬರ ಪರೀಕ್ಷೆಯೇ ಸಾಕು. ಇಡೀ ಮೀನನ್ನು ಒಂದು ತುದಿಯಲ್ಲಿ ಹಿಡಿದು ಅಡ್ಡಕ್ಕೆ ಚಾಚಿ. ಹಲಗೆಯಂತೆ ನೆಟ್ಟಗೆ ನಿಂತರೆ ಒಣಗಿದೆ, ಬಾಳೆಲೆಯಂತೆ ಬಾಗಿದರೆ ನೀರಿಗೆ ದುಡ್ಡು ಕೊಡುತ್ತಿದ್ದೀರಿ. ದಪ್ಪ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬೀಳಬಾರದು, ಕೈಗೆ ಜಿನುಗು ಅಂಟಬಾರದು.

ಬಣ್ಣ ತೆಳು ಒಣಹುಲ್ಲಿನದೋ ಹಳೆಯ ದಂತದ್ದೋ ಆಗಿರಬೇಕು. ಸುಣ್ಣದಂತೆ ಬೆಳ್ಳಗಿದ್ದರೆ ಒಳ್ಳೆಯದೆಂದು ಕೊಳ್ಳುವವರೇ ಹೆಚ್ಚು, ನಾವು ಅದನ್ನು ಒಪ್ಪುವುದಿಲ್ಲ. ಯುರೋಪಿನ ಒಕ್ಕೂಟ 2013ರಲ್ಲಿ ಹಸಿ ಉಪ್ಪುಮೀನಿಗೆ, ಅಂದರೆ ಉಪ್ಪು ಹಾಕಿ ಇನ್ನೂ ಒಣಗಿಸದ ಮೀನಿಗೆ, ಪಾಲಿಫಾಸ್ಫೇಟ್ ಎಂಬ ರಾಸಾಯನಿಕ ಬಳಸಲು ಅನುಮತಿ ಕೊಟ್ಟಿತು. ಅದು ಮೀನನ್ನು ಬೆಳ್ಳಗೆ ಇಡುತ್ತದೆ, ಜತೆಗೆ ನೀರನ್ನೂ ಹಿಡಿದಿಡುತ್ತದೆ. ಪೋರ್ಚುಗಲ್ ಇದನ್ನು ಬಲವಾಗಿ ವಿರೋಧಿಸಿತ್ತು, ಕಾರಣ ಸರಿಯಾದದ್ದೇ: ನೀರು ಬಿಡದ ಮೀನು ಒಣಗುವುದಿಲ್ಲ, ಒಣಗುವ ವೇಳೆಗೆ ಹುಟ್ಟುವ ರುಚಿಯೂ ಹುಟ್ಟುವುದಿಲ್ಲ. ಚೀಟಿಯಲ್ಲಿ ಪಾಲಿಫಾಸ್ಫೇಟ್‌ನ ಗುರುತಾದ ಇ 450, ಇ 451, ಇ 452 ಎಂಬ ಸಂಖ್ಯೆಗಳಿವೆಯೇ ನೋಡಿ. ಇದ್ದರೆ ಬೇರೆ ಮೀನು ನೋಡಿ.

ಕೆಟ್ಟದ್ದರ ಗುರುತು ಎರಡು. ಒಂದು, ನಸುಗೆಂಪು ಮಚ್ಚೆ. ಸಮುದ್ರದ ಉಪ್ಪಿನೊಂದಿಗೇ ಬರುವ, ಉಪ್ಪಿನಲ್ಲೇ ಬದುಕುವ ಸೂಕ್ಷ್ಮಜೀವಿಗಳ ಕೆಲಸ ಅದು. ಮೀನನ್ನು ತಣ್ಣಗಿಡದೆ ಬೆಚ್ಚಗಿನ ಜಾಗದಲ್ಲಿ ಇಟ್ಟಾಗ ಬೆಳೆಯುತ್ತವೆ. ಮೊದಲು ಬಣ್ಣ, ಆಮೇಲೆ ಲೋಳೆ, ಕೊನೆಗೆ ಹುಳಿನಾತ. ತೊಳೆದರೆ ಬಣ್ಣ ಹೋಗಬಹುದು, ರುಚಿ ಸರಿಯಾಗದು, ಬಿಟ್ಟುಬಿಡಿ. ಇನ್ನೊಂದು, ಕಾಳುಮೆಣಸಿನ ಪುಡಿ ಚಿಮುಕಿಸಿದಂತೆ ಕಂದು ಚುಕ್ಕೆ. ಇದು ಉಪ್ಪು ಸಹಿಸುವ ಬೂಸ್ಟು, ಗಾಳಿಯ ತೇವ 75% ದಾಟಿದ ಕಡೆ ಬರುತ್ತದೆ. ಮೇಲ್ಮೈಯಲ್ಲೇ ಇದ್ದರೂ ಅಂಗಡಿಯವರ ಗೋದಾಮು ಸರಿಯಿಲ್ಲ ಎಂದು ಅದು ಹೇಳುತ್ತದೆ. ಒಂದು ಮೀನಿನಲ್ಲಿ ಕಂಡರೆ ಆ ರಾಶಿಯಲ್ಲಿ ಇನ್ನೊಂದನ್ನು ಹುಡುಕಬೇಡಿ.

ಇಡೀ ಮೀನನ್ನು ಆರಿಸಿ ಕೊಟ್ಟರೆ ಕಟ್ಟೆಯವರು ಯಂತ್ರದ ಗರಗಸದಲ್ಲಿ ಕೊಯ್ದು ಕೊಡುತ್ತಾರೆ. ಹೇಗೆ ಕೊಯ್ಯಬೇಕೆಂದು ನೀವೇ ಹೇಳಿ. ನಡುಬೆನ್ನಿನ ದಪ್ಪ ತುಂಡುಗಳು ಬೇರೆ, ಹೊಟ್ಟೆಯ ಅಂಚಿನ ತೆಳು ಪಟ್ಟಿಗಳು ಬೇರೆ, ಬಾಲ ಬೇರೆ. ಈ ಬೇರ್ಪಡಿಕೆ ಬರೀ ನೋಟಕ್ಕಲ್ಲ, ನೆನೆಸುವಾಗ ಇದರ ಬೆಲೆ ತಿಳಿಯುತ್ತದೆ. ಬೆನ್ನುಮೂಳೆಯ ಮುಂದಿನ ಮೂರರಲ್ಲಿ ಎರಡು ಭಾಗವನ್ನು ಉಪ್ಪು ಹಾಕುವ ಮುಂಚೆಯೇ ತೆಗೆದಿರುತ್ತಾರೆ, ಬಾಲದ ಕಡೆಗೆ ಮೂಳೆ ಉಳಿದಿರುತ್ತದೆ.

ಅದೇ ಕಟ್ಟೆಯಲ್ಲಿ ಉಪ್ಪು ಹಾಕಿದ ಕಾಡ್‌ನ ಮುಖ, ಕೆನ್ನೆ, ನಾಲಿಗೆ, ಗಾಳಿಚೀಲವೂ ಸಿಗುತ್ತವೆ. ನಾಲಿಗೆ ಎಂದು ಮಾರುವುದು ನಿಜವಾಗಿ ಗಂಟಲಿನ ಸ್ನಾಯು. ಮುಖ ಅಗ್ಗ, ಅಂಟಂಟಾದ ರಸ ತುಂಬಿದ ಭಾಗ. ಮೀನಿನ ತಲೆ ಚೀಪಿ ತಿನ್ನುವ ಅಭ್ಯಾಸ ಇರುವವರು ಇದನ್ನು ಬಿಡಬಾರದು.

ಹೆಸರಿನ ಮೋಸ

ಬಕಲ್ಯಾವ್ ಎಂಬ ಹೆಸರು ಸಲ್ಲುವ ಮುಖ್ಯ ಮೀನು ಅಟ್ಲಾಂಟಿಕ್ ಕಾಡ್, ಗ್ಯಾಡಸ್ ಮೊರ್ಹುವಾ. ಪೆಸಿಫಿಕ್ ಕಾಡ್, ಅಂದರೆ ಗ್ಯಾಡಸ್ ಮ್ಯಾಕ್ರೊಸೆಫಾಲಸ್ ಕೂಡ ಈ ಹೆಸರಿನಲ್ಲೇ ಬರುತ್ತದೆ, ಚೀಟಿಯಲ್ಲಿ ಪೆಸಿಫಿಕ್ ಎಂದಿರುತ್ತದೆ. ಅದು ಹೆಚ್ಚು ಬಿಳಿ, ಹೆಚ್ಚು ನಾರು. ಬೆಂದಾಗ ಪದರ ಬಿಡುವುದಿಲ್ಲ. ಮೇಲುನೋಟಕ್ಕೆ ಅದರ ಬಾಲದ ಅಂಚಿಗೆ ಬಿಳಿ ಕಸೂತಿ ಹಾಕಿದಂತೆ ಕಾಣುತ್ತದೆ. ಬ್ರೆಜಿಲ್ಲಿನ ಮಾರುಕಟ್ಟೆಯಲ್ಲಿ ‘ಬಕಲ್ಯಾವ್ ಮಾದರಿಯ ಉಪ್ಪುಮೀನು’ ಎಂದು ಮಾರುವುದು ಬಹುಪಾಲು ಸೈತ್, ಲಿಂಗ್, ಟಸ್ಕ್ ಮೀನುಗಳನ್ನು. ಸೈತ್‌ನ ಮಾಂಸ ಕಪ್ಪು ಛಾಯೆಯದು, ವಾಸನೆ ಜೋರು, ಬಾಲ ಕವಲೊಡೆದದ್ದು. ಲಿಂಗ್ ಉದ್ದ, ಅಗಲ ಕಡಿಮೆ, ತೆಳು. ಟಸ್ಕ್‌ಗೆ ಬೆನ್ನ ಮೇಲೆ ಒಂದೇ ಉದ್ದ ರೆಕ್ಕೆ. ನಿಜವಾದ ಕಾಡ್‌ಗೆ ಬೆನ್ನ ಮೇಲೆ ಮೂರು, ಕೆಳಗೆ ಎರಡು. ಇವು ಕೆಟ್ಟ ಮೀನುಗಳಲ್ಲ. ಸೈತ್ ಎಳೆ ಬಿಡಿಸಿ ವಡೆಯಂಥದ್ದು ಮಾಡಲು ಚೆನ್ನ, ಬೆಲೆಯೂ ಕಡಿಮೆ. ಕಾಡ್‌ನ ಬೆಲೆಗೆ ಸೈತ್ ಕೊಟ್ಟರೆ ಮಾತ್ರ ಮೋಸ.

ಕರ್ನಾಟಕದ ಓದುಗರಿಗೆ ಒಂದು ಮಾತು. ನಮ್ಮ ಹೋಟೆಲುಗಳ ಪಟ್ಟಿಯಲ್ಲಿ ಕಾಣುವ ‘ರೀಫ್ ಕಾಡ್’ ಕಾಡ್ ಅಲ್ಲವೇ ಅಲ್ಲ, ಕರಾವಳಿಯವರು ಮುರು ಎನ್ನುವ ಗ್ರೂಪರ್ ಅದು. ರುಚಿಯಾದ ಮೀನು, ಆದರೆ ಕುಲ ಬೇರೆ. ಅರಬ್ಬಿ ಸಮುದ್ರದ ಬೆಚ್ಚನೆಯ ನೀರಿನಲ್ಲಿ ಅಟ್ಲಾಂಟಿಕ್ ಕಾಡ್ ಬದುಕುವುದಿಲ್ಲ. ಹಾಗೆಯೇ ದುಬಾರಿ ಹೋಟೆಲುಗಳ ‘ಬ್ಲ್ಯಾಕ್ ಕಾಡ್’ ಕೂಡ ಸೇಬಲ್‌ಫಿಶ್ ಎಂಬ ಬೇರೆಯೇ ಕುಟುಂಬದ, ಕೊಬ್ಬು ತುಂಬಿದ ಮೀನು.

ನೆನೆಸುವುದು: ಅರ್ಧ ಅಡುಗೆ ಇಲ್ಲೇ ಮುಗಿಯುತ್ತದೆ

ಬಕಲ್ಯಾವ್ ಚೆನ್ನಾಗಿಲ್ಲ ಎನ್ನುವವರಲ್ಲಿ ಬಹಳ ಮಂದಿ ಮೀನಿನಿಂದಲ್ಲ, ನೆನೆಸಿದ ರೀತಿಯಿಂದ ಸೋತವರು. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇವೆ.

ಮೊದಲು ತುಂಡುಗಳನ್ನು ನಲ್ಲಿಯ ಕೆಳಗೆ ಹಿಡಿದು ಮೇಲಿನ ಹರಳುಪ್ಪನ್ನು ಕೈಯಿಂದ ಉಜ್ಜಿ ತೊಳೆಯಿರಿ. ಅಗಲವಾದ ಪಾತ್ರೆಯಲ್ಲಿ ಚರ್ಮ ಮೇಲಾಗಿ, ಮಾಂಸ ಕೆಳಗಾಗಿ ಇಡಿ. ಉಪ್ಪುನೀರು ಸಿಹಿನೀರಿಗಿಂತ ಭಾರ, ಮಾಂಸದಿಂದ ಹೊರಟ ಉಪ್ಪು ತಳಕ್ಕೆ ಇಳಿಯುತ್ತದೆ. ಚರ್ಮ ಕೆಳಗಿದ್ದರೆ ಆ ದಾರಿ ಮುಚ್ಚುತ್ತದೆ. ತುಂಡುಗಳು ತಳ ಮುಟ್ಟದಂತೆ ಜಾಲರಿಯ ಮೇಲೋ ತೂತಿನ ಪಾತ್ರೆಯಲ್ಲೋ ಇಟ್ಟು, ಅದನ್ನು ದೊಡ್ಡ ಪಾತ್ರೆಯೊಳಗೆ ಇಳಿಸಿದರೆ ಇನ್ನೂ ಒಳ್ಳೆಯದು. ತಳದಲ್ಲಿ ಕೂತ ಉಪ್ಪುನೀರಿನಲ್ಲೇ ಮೀನು ಮಲಗಿದ್ದರೆ ನೆನೆದೂ ನೆನೆಯದಂತೆ. 1 ಕೆಜಿ ಒಣಮೀನಿಗೆ 4 ಲೀಟರಿನಷ್ಟು ತಣ್ಣೀರು. ಪಾತ್ರೆ ಇರಬೇಕಾದ್ದು ಫ್ರಿಜ್‌ನಲ್ಲಿ, ಅಡುಗೆಮನೆಯ ಕಟ್ಟೆಯ ಮೇಲಲ್ಲ.

ಇದು ಶಿಸ್ತಿಗಾಗಿ ಹೇಳಿದ್ದಲ್ಲ. ಒಣಗಿದಾಗ ಈ ಮೀನನ್ನು ಕಾಯುತ್ತಿದ್ದದ್ದು ಉಪ್ಪು. ಉಪ್ಪು ಹೋಗುತ್ತಾ ಹೋದಂತೆ ಅದು ಸಾಮಾನ್ಯ ಹಸಿಮೀನಿನ ಸ್ಥಿತಿಗೆ ಬರುತ್ತದೆ, ಬೆಚ್ಚನೆಯ ಜಾಗದಲ್ಲಿ ಒಂದೇ ರಾತ್ರಿಗೆ ಹಳಸುತ್ತದೆ. ಬೇಗ ಆಗಲೆಂದು ಬಿಸಿನೀರು ಹಾಕುವುದು ಅದಕ್ಕಿಂತ ದೊಡ್ಡ ತಪ್ಪು.

ಎಷ್ಟು ಹೊತ್ತು? ಎಳೆ ಬಿಡಿಸಿದ ಮೀನಿಗೆ 6ರಿಂದ 12 ಗಂಟೆ, ಹೊಟ್ಟೆಯ ಅಂಚು ಮತ್ತು ಬಾಲಕ್ಕೆ ಒಂದು ದಿನ, ಸಾಧಾರಣ ತುಂಡಿಗೆ ಒಂದೂವರೆ ದಿನ, 4 ಸೆಂ.ಮೀ. ದಪ್ಪದ ಬೆನ್ನಿಗೆ ಎರಡು ದಿನ, ಎಸ್ಪೆಸಿಯಾಲ್ ಆದರೆ ಇನ್ನೂ ಅರ್ಧ ದಿನ. ನೀರು ಬದಲಿಸುವುದು ಮೊದಲ ದಿನ ಆರೇಳು ಗಂಟೆಗೊಮ್ಮೆ, ಎರಡನೆಯ ದಿನ ಎರಡು ಸಲ ಸಾಕು. ಉಪ್ಪು ಹೊರಬರುವ ಸಮಯ ದಪ್ಪದೊಂದಿಗೆ ಸಮಸಮವಾಗಿ ಏರುವುದಿಲ್ಲ, ದಪ್ಪವನ್ನು ದಪ್ಪದಿಂದಲೇ ಗುಣಿಸಿದ ಲೆಕ್ಕಕ್ಕೆ ತಕ್ಕಂತೆ ಏರುತ್ತದೆ. 2 ಸೆಂ.ಮೀ. ತುಂಡಿಗಿಂತ 4 ಸೆಂ.ಮೀ. ತುಂಡಿನ ನಡುವಿಗೆ ನಾಲ್ಕು ಪಟ್ಟು ಹೊತ್ತು ಬೇಕು. ಹೀಗಾಗಿ ದಪ್ಪದ್ದನ್ನೂ ತೆಳುವನ್ನೂ ಒಂದೇ ಪಾತ್ರೆಯಲ್ಲಿ ಹಾಕಿದರೆ ಬಾಲ ಸಪ್ಪೆಯಾಗಿ ಮೆತ್ತಗಾಗುವ ಹೊತ್ತಿಗೂ ಬೆನ್ನಿನ ನಡುವೆ ಉಪ್ಪಿನ ಗಟ್ಟಿ ಕುಳಿತಿರುತ್ತದೆ. ಬಕೆಟ್‌ಗಟ್ಟಲೆ ನೀರು ಸುರಿದರೂ ಈ ಹೊತ್ತು ಕಡಿಮೆಯಾಗದು. ತುಂಬ ಸಲ ನೀರು ಬದಲಿಸುವುದರಿಂದ ಹೊರಪದರ ಮಾತ್ರ ಸಪ್ಪೆಯಾಗುತ್ತದೆ.

ನೆನೆದಾಗ ತೂಕ ಏರುತ್ತದೆ. 1 ಕೆಜಿ ಒಣಮೀನು 1.25ರಿಂದ 1.4 ಕೆಜಿ ಆಗಬೇಕು. ಮೀನಿನ ಸ್ನಾಯು 6% ಆಸುಪಾಸಿನ ಉಪ್ಪಿನಲ್ಲಿ ಅತಿ ಹೆಚ್ಚು ಉಬ್ಬುತ್ತದೆ, ಉಪ್ಪು ವಿಪರೀತವಾದಾಗ ಕುಗ್ಗಿ ನೀರು ಬಿಡುತ್ತದೆ. ನೆನೆಸುವಾಗ ಉಪ್ಪು ಇಳಿಯುತ್ತಾ ಆ ಮಟ್ಟವನ್ನು ಹಾದುಹೋಗುತ್ತದೆ, ಆಗಲೇ ನೀರು ಕುಡಿಯುವುದು. ಆದರೆ ಒಮ್ಮೆ ತೀರಾ ಉಪ್ಪಿನಲ್ಲಿ ಬಿಗಿದುಕೊಂಡ ಪ್ರೋಟೀನು ಪೂರ್ತಿ ಮೊದಲಿನಂತಾಗುವುದಿಲ್ಲ. ಹಸಿ ಕಾಡ್ ಬಾಯಲ್ಲಿ ಹಿಸುಕಿದಂತೆ ಮೆತ್ತಗೆ, ಬಕಲ್ಯಾವ್ ಅಗಿಯಲು ಸಿಗುವಷ್ಟು ಬಿಗಿ. ಈ ವ್ಯತ್ಯಾಸ ಬರುವುದು ಇಲ್ಲಿಂದ. ನೆನೆದ ಮೀನು ಹಸಿಮೀನಿನಂತೆ ಆಗಬೇಕು ಎಂದು ನಿರೀಕ್ಷಿಸುವವರು ಹಸಿಮೀನನ್ನೇ ಕೊಳ್ಳುವುದು ಸರಿ.

ಆಯಿತೇ ಎಂದು ನೋಡಲು ಅಂಚಿನ ಚೂರು ತಿಂದು ನೋಡಬೇಡಿ, ಅಂಚು ಸದಾ ಮೊದಲು ಸಪ್ಪೆಯಾಗುತ್ತದೆ. ದಪ್ಪ ತುಂಡಿನ ನಡುವಿನಿಂದ ಒಂದು ಎಸಳು ಕಿತ್ತು, ಬಿಸಿನೀರಿನಲ್ಲಿ ಒಂದು ನಿಮಿಷ ಬೇಯಿಸಿ ಬಾಯಿಗೆ ಹಾಕಿ. ಸಾರಿಗೆ ಸರಿಯಾಗಿ ಉಪ್ಪು ಹಾಕಿದಷ್ಟು ರುಚಿ ಇರಬೇಕು. ಪೂರ್ತಿ ಸಪ್ಪೆಯಾದರೆ ಮೇಲೆ ಉಪ್ಪು ಹಾಕಿ ಸರಿಮಾಡಲಾಗದು, ಮಾಂಸದ ಒಳಗಿನ ರುಚಿಯೂ ನೀರಿನೊಂದಿಗೆ ಹೋಗಿರುತ್ತದೆ.

ಉಳಿದರೆ ಏನು ಮಾಡುವುದು? ಒಣಮೀನನ್ನು ಕಾಗದದಲ್ಲಿ ಸುತ್ತಿ, ಮುಚ್ಚಳದ ಡಬ್ಬದಲ್ಲಿ ಫ್ರಿಜ್‌ನಲ್ಲಿಡಿ. ಮನೆಯ ಫ್ರೀಜರ್ ಮೈನಸ್ 18 ಡಿಗ್ರಿ. ಉಪ್ಪು ತುಂಬಿದ ನೀರು ಹೆಪ್ಪುಗಟ್ಟುವುದು ಮೈನಸ್ 21ಕ್ಕೆ, ಹಾಗಾಗಿ ಒಣ ಬಕಲ್ಯಾವ್ ಅಲ್ಲಿ ಹೆಪ್ಪುಗಟ್ಟುವುದೇ ಇಲ್ಲ. ಫ್ರೀಜರಿಗೆ ಹಾಕಬೇಕೆಂದರೆ ನೆನೆಸಿ, ಬಟ್ಟೆಯಲ್ಲಿ ಒರೆಸಿ, ಒಂದೊಂದೇ ತುಂಡನ್ನು ಗಾಳಿಯಾಡದಂತೆ ಸುತ್ತಿ ಹಾಕಿ. ನೆನೆದದ್ದು ಫ್ರಿಜ್‌ನಲ್ಲಿ ಎರಡು ದಿನಕ್ಕಿಂತ ಹೆಚ್ಚು ಇರಬಾರದು.

ಫ್ರೀಜರ್‌ನ ಪೊಟ್ಟಣ

ರಿಬೆರಾಲ್ವೆಸ್‌ನಂಥ ಪೋರ್ಚುಗೀಸ್ ಕಂಪನಿಗಳು ನೆನೆಸಿ ಹೆಪ್ಪುಗಟ್ಟಿಸಿದ ತುಂಡುಗಳನ್ನು ಮಾರುತ್ತವೆ. ಅನುಕೂಲ ದೊಡ್ಡದು, ಉಪ್ಪು ಎಲ್ಲ ತುಂಡಿನಲ್ಲೂ ಒಂದೇ ಸಮ, ಮೊದಲ ಸಲ ಮಾಡುವವರಿಗೆ ಸೋಲಿನ ಭಯ ಕಡಿಮೆ. ಬೆಲೆ ಹೋಲಿಸುವಾಗ ಮಾತ್ರ ಎಚ್ಚರ. ತುಂಡುಗಳ ಮೇಲೆ ಮಂಜುಗಡ್ಡೆಯ ಹೊದಿಕೆ ಇರುತ್ತದೆ, ಚೀಟಿಯಲ್ಲಿ ಅದನ್ನು ಬಿಟ್ಟ ತೂಕ ಬೇರೆಯಾಗಿ ಬರೆದಿರುತ್ತದೆ. ಹೋಲಿಕೆ ಮಾಡಬೇಕಾದ್ದು ಆ ತೂಕದ ಮೇಲೆ. 1 ಕೆಜಿ ಪೊಟ್ಟಣದಲ್ಲಿ ಹೊದಿಕೆ ಬಿಟ್ಟು 800 ಗ್ರಾಂ ಎಂದಿದ್ದರೆ ಬೆಲೆಯನ್ನು 0.8ರಿಂದ ಭಾಗಿಸಿ, ನೆನೆದಾಗ ತೂಕ ಏರುವುದರಿಂದ ಒಣಮೀನಿನ ಕೆಜಿ ಬೆಲೆಯನ್ನು 1.3ರಿಂದ ಭಾಗಿಸಿ; ಈಗ ಎರಡನ್ನೂ ಅಕ್ಕಪಕ್ಕ ಇಡಿ. ಒಣಮೀನು ದುಬಾರಿ ಎಂಬ ಭಾವನೆ ಇಲ್ಲಿ ಅನೇಕ ಸಲ ತಿರುಗುಮುರುಗಾಗುತ್ತದೆ. ರುಚಿಯಲ್ಲಿ ನಮ್ಮ ಮತ ಒಣಮೀನಿಗೇ. ತಿಂಗಳುಗಟ್ಟಲೆ ಉಪ್ಪಿನಲ್ಲಿ ಮಾಗಿ, ನಿಧಾನವಾಗಿ ಒಣಗಿದ ಮೀನಿನ ಆಳ ಪೊಟ್ಟಣದ ಎಲ್ಲ ಸರಕಿನಲ್ಲೂ ಇರುವುದಿಲ್ಲ. ಎಷ್ಟು ಕಾಲ ಮಾಗಿಸಿದ್ದಾರೆಂದು ಪೊಟ್ಟಣದ ಮೇಲೆ ಬರೆದಿದ್ದರೆ ಅದನ್ನೇ ಆರಿಸಿ. ಫ್ರಿಜ್‌ನಲ್ಲಿಟ್ಟು ಒಂದು ರಾತ್ರಿ ನಿಧಾನವಾಗಿ ಕರಗಿಸಿ, ಬಸಿದ ನೀರು ಚೆಲ್ಲಿ, ಒರೆಸಿ ಬಳಸಿ. ಮೈಕ್ರೊವೇವ್‌ನಲ್ಲಿ ಕರಗಿಸಿದರೆ ಅಂಚು ಬೆಂದು ನಡು ಗಡ್ಡೆಯಾಗಿಯೇ ಇರುತ್ತದೆ.

ಎಳೆ ಬಿಡಿಸಿದ ಪೊಟ್ಟಣ ಅಗ್ಗ. ಅದರಲ್ಲಿ ಚರ್ಮ, ಮುಳ್ಳು, ಹೊಟ್ಟೆಯ ಪೊರೆ ಎಷ್ಟಿದೆ ಎಂದು ನೋಡಿ, ಕಾಡ್ ಎಂಬ ಹೆಸರಿದೆಯೋ ಸೈತ್ ಎಂದಿದೆಯೋ ಓದಿ. ಡಬ್ಬಿಯಲ್ಲಿ ಎಣ್ಣೆ, ಬೆಳ್ಳುಳ್ಳಿ ಹಾಕಿ ಬರುವ ಬಕಲ್ಯಾವ್ ಪ್ರಯಾಣಕ್ಕೆ ಸರಿ, ಅಷ್ಟೇ.

ಒಲೆಯ ಮೇಲೆ

ಕುದಿಯಬಾರದು, ಇದೊಂದೇ ನಿಯಮ. ಕೊಳಕೊಳ ಕುದಿಸಿದರೆ ನೆನೆಸಿ ತುಂಬಿದ ನೀರನ್ನು ಸ್ನಾಯು ಹಿಂಡಿ ಹೊರಹಾಕುತ್ತದೆ, ಮೀನು ಹತ್ತಿಯಂತಾಗುತ್ತದೆ. ನೀರು ಕುದಿ ಬಂದ ಮೇಲೆ ಉರಿ ತೀರಾ ಸಣ್ಣದು ಮಾಡಿ ಮೀನು ಇಳಿಸಿ, 75ರಿಂದ 80 ಡಿಗ್ರಿಯಲ್ಲಿ ದಪ್ಪ ತುಂಡಿಗೆ 8ರಿಂದ 10 ನಿಮಿಷ. ಎಸಳುಗಳು ತಾವಾಗಿ ಸರಿದರೆ ಆಯಿತು. ಆ ನೀರನ್ನು ಚೆಲ್ಲಬೇಡಿ, ಆಲೂಗಡ್ಡೆ ಬೇಯಿಸಲು ಅದೇ ಚೆನ್ನ.

ಎಳೆ ಬಿಡಿಸಿದ್ದಕ್ಕೆ ತಕ್ಕ ಅಡುಗೆ ಬಕಲ್ಯಾವ್ ಆ ಬ್ರಾಸ್. ನೆನೆಸಿ ಬಿಡಿಸಿದ ಮೀನು 400 ಗ್ರಾಂ, ಬೆಂಕಿಕಡ್ಡಿಯಷ್ಟು ತೆಳುವಾಗಿ ಹೆಚ್ಚಿ ಕರಿದ ಆಲೂಗಡ್ಡೆ 500 ಗ್ರಾಂ, ಈರುಳ್ಳಿ ಎರಡು, ಬೆಳ್ಳುಳ್ಳಿ ಎರಡು ಎಸಳು, ಮೊಟ್ಟೆ ಆರು. ಈರುಳ್ಳಿಯನ್ನು ಆಲಿವ್ ಎಣ್ಣೆಯಲ್ಲಿ ಬಾಡಿಸಿ ಮೀನು ಹಾಕಿ ಐದು ನಿಮಿಷ, ಆಮೇಲೆ ಆಲೂಗಡ್ಡೆ. ಮೊಟ್ಟೆ ಸುರಿಯುವ ಮೊದಲೇ ಒಲೆಯಿಂದ ಇಳಿಸಿ, ಬಾಣಲೆಯ ಬಿಸಿಗೇ ಅದು ಕೆನೆಯಂತೆ ಹಿಡಿಯಬೇಕು. ಒಲೆಯ ಮೇಲೇ ಇಟ್ಟರೆ ಉದುರು ಮೊಟ್ಟೆಪಲ್ಯವಾಗುತ್ತದೆ. ಮೀನಿನ ವಡೆಗೆ ಮೀನೂ ಆಲೂಗಡ್ಡೆಯೂ ಸಮಸಮ ತೂಕ. ಆಲೂಗಡ್ಡೆಯನ್ನು ಸಿಪ್ಪೆಯೊಂದಿಗೆ ಬೇಯಿಸಿ, ಆರಿಸಿ, ನೀರಿಲ್ಲದಂತೆ ಹಿಸುಕಬೇಕು. ನೀರು ಉಳಿದರೆ ಎಣ್ಣೆಯಲ್ಲಿ ಒಡೆದು ಚೆದುರುತ್ತದೆ. ಎಣ್ಣೆ 180 ಡಿಗ್ರಿ ಇರಲಿ.

ದಪ್ಪ ಬೆನ್ನಿಗೆ ಲಗರೈರು ಎಂಬ ಅಡುಗೆ: ಚರ್ಮ ಕೆಳಗಾಗಿ ತಟ್ಟೆಯಲ್ಲಿಟ್ಟು, ಬೆಳ್ಳುಳ್ಳಿ ಹಾಕಿ, ಅರ್ಧ ಮುಳುಗುವಷ್ಟು ಆಲಿವ್ ಎಣ್ಣೆ ಸುರಿದು 200 ಡಿಗ್ರಿ ಓವನ್‌ನಲ್ಲಿ 20ರಿಂದ 25 ನಿಮಿಷ. ಪಕ್ಕಕ್ಕೆ ಸಿಪ್ಪೆಯೊಂದಿಗೆ ಬೇಯಿಸಿ ಗುದ್ದಿ ಒಡೆದ ಆಲೂಗಡ್ಡೆ. ಎಣ್ಣೆಯನ್ನು ಜಿಪುಣತನದಿಂದ ಹಾಕಿದರೆ ಮೇಲ್ಭಾಗ ಒಣಗುತ್ತದೆ. ಕೊಬ್ಬೇ ಇಲ್ಲದ ಮೀನಿಗೆ ಕೊಬ್ಬು ಹೊರಗಿನಿಂದಲೇ ಬರಬೇಕು.

ವಿದೇಶದಲ್ಲಿರುವ ಕರಾವಳಿಯವರಿಗೆ ಇದು ಪುಳಿಮುಂಚಿಗೂ ಒಗ್ಗುತ್ತದೆ. ಹಸಿ ಕಾಡ್ ಹಾಕಿದರೆ ಎಸಳು ಎಸಳಾಗಿ ಕರಗಿ ಸಾರಿನಲ್ಲಿ ಕಳೆದುಹೋಗುತ್ತದೆ, ಎಸಳುಗಳನ್ನು ಹಿಡಿದಿಡುವ ತೆಳು ಪೊರೆ ಸಣ್ಣ ಬಿಸಿಗೇ ಕರಗುವುದು ಅದಕ್ಕೆ ಕಾರಣ. ಉಪ್ಪಿನಲ್ಲಿ ಬಿಗಿದ ಮೀನು ಅಷ್ಟು ಬೇಗ ಒಡೆಯುವುದಿಲ್ಲ. ಬ್ಯಾಡಗಿ ಮೆಣಸು, ಹುಣಸೆಹುಳಿಯ ಮಸಾಲೆಯನ್ನು ಉಪ್ಪು ಹಾಕದೆ ಕುದಿಸಿ ಹದಕ್ಕೆ ತನ್ನಿ, ಮೀನು ಇಳಿಸಿ, ಉರಿ ಕಡಿಮೆ ಮಾಡಿ ಏಳೆಂಟು ನಿಮಿಷ ಮುಚ್ಚಿಡಿ. ಉಪ್ಪು ಬೇಕೇ ಬೇಡವೇ ಎಂದು ಆಮೇಲೆ ನೋಡಿ. ಸೌಟು ಆಡಿಸಬೇಡಿ, ಪಾತ್ರೆಯನ್ನೇ ಅಲುಗಿಸಿ.

ಬೆಲೆ ಯಾಕೆ ಏರಿತು

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಬಳಿ ಶತಮಾನಗಳ ಕಾಲ ಹಿಡಿದ ಕಾಡ್ ಬರಿದಾಗಿ 1992ರ ಜುಲೈಯಲ್ಲಿ ಅಲ್ಲಿ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಆಮೇಲೆ ಜಗತ್ತು ನೆಚ್ಚಿಕೊಂಡದ್ದು ಬ್ಯಾರೆಂಟ್ಸ್ ಸಮುದ್ರದ ಕಾಡ್ ಅನ್ನು, ನಾರ್ವೆ ಮತ್ತು ರಷ್ಯಾ ಸೇರಿ ಅಲ್ಲಿ ಹಿಡಿಯುವ ಮಿತಿಯನ್ನು ನಿಗದಿ ಮಾಡುತ್ತವೆ. 2025ಕ್ಕೆ ಆ ಮಿತಿ 3,40,000 ಟನ್‌ಗೆ ಇಳಿಯಿತು, 1991ರಿಂದೀಚೆಗೆ ಅಷ್ಟು ಕಡಿಮೆ ಆಗಿರಲಿಲ್ಲ. ಅಂಗಡಿಯ ಬೆಲೆ ಏರಿದ್ದರ ಹಿಂದೆ ಇದು ದೊಡ್ಡ ಕಾರಣ, ಇದಕ್ಕೆ ಅಂಗಡಿಯವರನ್ನು ದೂರಿ ಫಲವಿಲ್ಲ. ಮರಿ ಮಾಡುವ ವಯಸ್ಸಿಗೆ ಬಾರದ ಚಿಕ್ಕ ಮೀನನ್ನು ಕೊಳ್ಳದಿರುವುದು ಕೊಳ್ಳುವವರ ಕೈಯಲ್ಲಿದೆ. ಮಿಯೂದು ದರ್ಜೆಯನ್ನು ನಾವು ಶಿಫಾರಸು ಮಾಡದಿರಲು ಅದರ ತೆಳು ಮಾಂಸ ಒಂದು ಕಾರಣ, ಇದು ಇನ್ನೊಂದು.

ಸಾಮಾನ್ಯ ವಾರದ ಊಟಕ್ಕೆ ಎಳೆ ಬಿಡಿಸಿದ ಸೈತ್, ಹಬ್ಬಕ್ಕೆ ಗ್ರಾಊದುವಿನ ಬೆನ್ನು, ಬಾಲ ಮತ್ತು ಅಂಚಿನಿಂದ ವಡೆ. ಇಡೀ ಮೀನು ಕೊಂಡರೆ ಈ ಮೂರರಲ್ಲಿ ಎರಡು ಒಂದೇ ಖರೀದಿಯಲ್ಲಿ ಸಿಗುತ್ತವೆ, ಬೆನ್ನಿನ ತುಂಡನ್ನೇ ಬೇರೆಯಾಗಿ ಕೊಳ್ಳುವುದಕ್ಕಿಂತ ಕೆಜಿಗೆ ಅಗ್ಗವೂ ಆಗುತ್ತದೆ. ಡಿಸೆಂಬರ್ ಎರಡನೆಯ ವಾರದ ನಂತರ ಕಟ್ಟೆಯ ಮುಂದೆ ಸಾಲು ಉದ್ದವಾಗುತ್ತದೆ, ಒಳ್ಳೆಯ ಮೀನುಗಳನ್ನು ಮೊದಲು ಬಂದವರು ಆರಿಸಿಕೊಂಡಿರುತ್ತಾರೆ. ನವೆಂಬರ್‌ನಲ್ಲೇ ಕೊಂಡು, ಕೊಯ್ಯಿಸಿ, ಡಬ್ಬದಲ್ಲಿ ಫ್ರಿಜ್‌ಗೆ ಸೇರಿಸಿ. ಹಬ್ಬದ ಊಟ 24ರ ರಾತ್ರಿಯಾದರೆ ದಪ್ಪ ತುಂಡು ನೀರಿಗೆ ಬೀಳಬೇಕಾದ್ದು 22ರ ಸಂಜೆ.